ಇಬ್ಬರು ಹುಡುಗಿಯರಿದ್ದ ಮನೆ

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಶಾಲೆಯ ಯೂನಿಫಾರಂಗಳು. ಮೇಜಿನ ಕೆಳಗೆ ಇಬ್ಬರು ಹುಡುಗಿಯರ ಆಟದ ಸಂಸಾರ. ಒಬ್ಬಳು ಅವಳ ಮಗಳು ಗುಬ್ಬಿ. ಇನ್ನೊಬ್ಬಳು ಮೈದುನನ ಮಗಳು. ಕಣ್ಣು ಅಂಗಿಯ ಗುಂಡಿಯ ಹಾಗೆ ದುಂಡಗಿದ್ದುದರಿಂದ ಎಲ್ಲರ ಬಾಯಲ್ಲೂ ಬಟನ್. ಒಂದೇ ಮನೆ, ಒಂದೇ ತರಗತಿ. ಒಬ್ಬಳಿಗೆ ನೆಗಡಿಯಾದರೆ ಇನ್ನೊಬ್ಬಳು ಸೀನುತ್ತಿದ್ದಳು.

ರಜೆ ಹತ್ತಿರ ಬಂದಾಗ ಅತ್ತೆ ಹೊಸ ಬಟ್ಟೆ ತಂದು ಮೇಜಿನ ಮೇಲಿಟ್ಟರು.

"ಇಬ್ರಿಗೂ ಒಂದೊಂದು ಫ್ರಾಕ್ ಹೊಲಿ. ಸೊಂಟ ಸಡಿಲ ಇರ್ಲಿ. ರಜೇಲಿ ನಮ್ಮಕ್ಕನ ಊರಿಗೆ ಕರ್ಕೊಂಡು ಹೋಗ್ತೀನಿ. ದೊಡ್ಡೋರಾಗ್ತಿದಾರಲ್ಲ, ಶುದ್ಧಿ ಮಾಡ್ಸಿಬಿಡೋಣ."

ಟೈಲರಕ್ಕನ ಕೈಯ ಕತ್ತರಿ ನಿಂತಿತು. ಅದೇ ವಯಸ್ಸಿನಲ್ಲಿ ಅವಳಿಗೂ ಹೊಸ ಫ್ರಾಕ್ ತೊಡಿಸಿ, ನೆಂಟರ ಮನೆಗೆಂದು ಕರೆದುಕೊಂಡು ಹೋಗಿದ್ದರು. ಅಲ್ಲಿ ಗುರುತಿಲ್ಲದ ಮುದುಕಿಯೊಬ್ಬಳು ಬ್ಲೇಡು ಹಿಡಿದು ಕೂತಿದ್ದಳು. ಅವಳ ಕೈಕಾಲು ಅದುಮಿ ಹಿಡಿದವಳು ಹೆತ್ತ ತಾಯಿಯೇ. ಹೆಣ್ಣುಮಕ್ಕಳ ಗುಪ್ತಾಂಗದ ಭಾಗವನ್ನು ಕತ್ತರಿಸಿ ಹಾಕುವುದಕ್ಕೆ ಅವರ ಮನೆತನಗಳಲ್ಲಿ ಶುದ್ಧಿ ಎಂಬ ಹೆಸರು. ಹೆಸರೇನೋ ಚೆನ್ನಾಗಿತ್ತು. ಮೂತ್ರಕ್ಕೆ ಹೋಗಲು ಹೆದರಿ ನೀರೇ ಕುಡಿಯದ ದಿನಗಳಿಗೆ, ಗಂಡ ಹತ್ತಿರ ಬಂದಾಗ ಹಲ್ಲು ಕಚ್ಚಿಕೊಂಡದ್ದಕ್ಕೆ, ಹೆರಿಗೆಯಲ್ಲಿ ಜೀವ ಬಾಯಿಗೆ ಬಂದದ್ದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

"ಗುಬ್ಬಿಗೆ ಬೇಡ ಅತ್ತೆ. ಬಟನ್‌ಗೂ ಬೇಡ."

"ಯಾಕೆ, ನಾವೆಲ್ಲ ಸತ್ತುಹೋದ್ವಾ?"

"ಸಾಯ್ಲಿಲ್ಲ, ಅಷ್ಟೇ."

ಗಂಡನಿಗೆ ಹೇಳಿದಳು. "ಅದು ಹೆಂಗಸರ ವಿಷ್ಯ, ನಾನು ತಲೆ ಹಾಕಲ್ಲ" ಎಂದು ಆತ ಟವೆಲ್ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ. ಬಟನ್ನಿನ ತಾಯಿ, ಅವಳ ವಾರಗಿತ್ತಿ, ತರಕಾರಿ ಹೆಚ್ಚುತ್ತ ತಲೆಯೆತ್ತದೆ ಕೇಳಿದಳು: "ಎದುರು ಮಾತಾಡಿ ನಾನೆಲ್ಲಿಗೆ ಹೋಗ್ಲಿ ಅಕ್ಕ? ಮಾಡಿಸ್ದೆ ಇದ್ರೆ ನಾಳೆ ಇವಳನ್ನ ಯಾರು ಮದುವೆ ಆಗ್ತಾರೆ?"

ಮರುದಿನ ಯೂನಿಫಾರಂ ಕೊಡುವ ನೆಪದಲ್ಲಿ ಶಾಲೆಗೆ ಹೋಗಿ ಟೀಚರಿಗೆ ಎಲ್ಲ ಹೇಳಿದಳು. ಟೀಚರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಎದ್ದು ಬಾಗಿಲು ಹಾಕಿಕೊಂಡು, ಮಕ್ಕಳ ರಕ್ಷಣೆಯ ಕಚೇರಿಗೆ ತಾವೇ ಫೋನ್ ಮಾಡಿದರು.

ಅಧಿಕಾರಿ ಮೇಡಂ ಮನೆಗೆ ಬಂದರು. ಗುಬ್ಬಿಯನ್ನು ತಾಯಿಯ ಒಪ್ಪಿಗೆಯಿಲ್ಲದೆ ಊರು ದಾಟಿಸಿದರೆ ಜೈಲೇ ಗತಿ ಎಂದು ಅತ್ತೆಗೆ ಕಟ್ಟುನಿಟ್ಟಾಗಿ ಹೇಳಿದರು. ಆಮೇಲೆ ವಾರಗಿತ್ತಿಯನ್ನು ಕೇಳಿದರು. ಅವಳು ಅತ್ತೆಯ ಮಗ್ಗುಲಲ್ಲೇ ನಿಂತಿದ್ದಳು.

"ಅಂಥದ್ದೇನೂ ಇಲ್ಲ ಮೇಡಂ. ನಮ್ಮಕ್ಕನಿಗೆ ಎಲ್ಲದಕ್ಕೂ ಹೆದರಿಕೆ."

"ಅವಳನ್ನ ಒಬ್ಬಳನ್ನೇ ಒಳಗೆ ಕರೆದು ಕೇಳಿ ಮೇಡಂ," ಟೈಲರಕ್ಕ ಅಂಗಲಾಚಿದಳು. "ಇಬ್ರು ಮಕ್ಕಳಿಗೂ ಒಂದೇ ಗಂಡಾಂತರ."

"ಆ ಮಗು ತಾಯೀನೇ ಅಂಥದ್ದೇನಿಲ್ಲ ಅಂತಿದಾರಲ್ಲಮ್ಮ. ಮುಂದಿನ ವಾರ ಬಂದು ನೋಡ್ತೀವಿ."

ಮುಂದಿನ ವಾರದವರೆಗೆ ಅತ್ತೆ ಕಾಯಲಿಲ್ಲ. ಬೆಳಿಗ್ಗೆ ಟೈಲರಕ್ಕ ಎದ್ದಾಗ ಬಾಗಿಲ ಬಳಿ ಬಟನ್ನಿನ ಚಪ್ಪಲಿ ಇರಲಿಲ್ಲ. ಕಚೇರಿಗೆ ಫೋನ್ ಮಾಡಿದಳು, ಮೇಡಂ ಮೀಟಿಂಗಿನಲ್ಲಿದ್ದರು. ಟೀಚರು ಬಸ್ ನಿಲ್ದಾಣಕ್ಕೆ ಓಡಿದರು, ಬಸ್ಸು ಹೋಗಿಯಾಗಿತ್ತು.

ಹಿಂದಿರುಗಿದ ಬಟನ್ ಮೇಜಿನ ಕೆಳಗೆ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮೈ ಕೆಂಡವಾಗಿತ್ತು. "ತಾನಾಗೇ ವಾಸಿಯಾಗುತ್ತೆ" ಎಂದು ಅಡ್ಡ ನಿಂತ ಅತ್ತೆಯನ್ನು ಸರಿಸಿ ಟೈಲರಕ್ಕ ಮಗುವನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದಳು. ಗಾಯ ಕೀವುಗಟ್ಟಿತ್ತು. ಡಾಕ್ಟರು ಜೀವ ಉಳಿಸಿದರು, ಪೊಲೀಸರಿಗೂ ತಿಳಿಸಿದರು. "ಇದ್ರಿಂದ ಮೈಗೆ ಸಾಸಿವೆಯಷ್ಟೂ ಒಳ್ಳೇದಿಲ್ಲ. ಕತ್ತರಿಸಿದ್ದನ್ನ ನಾವು ಮತ್ತೆ ತಂದಿಡೋಕೂ ಆಗಲ್ಲ" ಎಂದರು.

ಆಸ್ಪತ್ರೆಯ ವರಾಂಡದಲ್ಲಿ ವಾರಗಿತ್ತಿ ಅವಳ ಮೇಲೆ ಹರಿಹಾಯ್ದಳು.

"ಎಲ್ಲ ನಿಮ್ಮಿಂದಲೇ ಅಕ್ಕ! ನೀವು ಕಂಪ್ಲೇಂಟ್ ಕೊಡ್ದೆ ಇದ್ದಿದ್ರೆ ಈ ಅವಸರ ಆಗ್ತಿರ್ಲಿಲ್ಲ. ಕೈ ಪಳಗಿದವಳನ್ನೇ ಕರೆಸ್ತಿದ್ವಿ."

ಟೈಲರಕ್ಕ ಡಾಕ್ಟರ ಚೀಟಿ ಹಿಡಿದು ಔಷಧಿ ತರಲು ಹೋದಳು.

ಅತ್ತೆಯ ಮೇಲೆ ಕೇಸಾಯಿತು, ಜಾಮೀನೂ ಸಿಕ್ಕಿತು. ಹೆಂಗಸರ ವಿಷಯಕ್ಕೆ ತಲೆ ಹಾಕದ ಗಂಡ ಆಗ ತಲೆ ಹಾಕಿದ. "ನನ್ನ ಹೆತ್ತಮ್ಮನ್ನ ಸ್ಟೇಷನ್ ಮೆಟ್ಟಿಲು ಹತ್ತಿಸ್ದೆಯಲ್ಲ" ಎಂದು ಮೆಷಿನ್ನನ್ನು ಬೀದಿಗಿಟ್ಟ. ಅವಳು ಗುಬ್ಬಿಯ ಕೈಹಿಡಿದು, ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಳು. ತವರಿನಿಂದ ತಾಯಿಯ ಫೋನ್ ನಿಂತುಹೋಯಿತು.

ತಿಂಗಳುಗಳ ನಂತರ ಬಟನ್ ಮತ್ತೆ ಶಾಲೆಗೆ ಬಂದಳು. ಗೇಟಿನ ಹತ್ತಿರ ಟೈಲರಕ್ಕನನ್ನು ಕಂಡು ನಿಂತಳು.

"ದೊಡ್ಡಮ್ಮ, ಗುಬ್ಬೀನ ಬಿಡಿ ಅಂತ ಮನೆಗೆ ಬಂದಿದ್ದ ಮೇಡಂ ಹತ್ರ ಕೇಳಿದ್ರಂತೆ. ನನ್ನನ್ನೂ ಬಿಡಿ ಅಂತ ಯಾಕೆ ಕೇಳ್ಲಿಲ್ಲ?"

"ಕೇಳ್ದೆ ಮಗಳೇ. ನಿನ್ನನ್ನೂ ಬಿಡಿ ಅಂತ ಕೇಳ್ದೆ."

ಮಗು ಅವಳ ಮುಖವನ್ನೇ ನೋಡಿತು. ನಂಬಿದಂತೆ ಕಾಣಲಿಲ್ಲ.

"ನಿಮ್ಮ ಜೊತೆ ಮಾತಾಡಬಾರ್ದು ಅಂದಿದಾರೆ ಅಜ್ಜಿ," ಎಂದು ಹೇಳಿ, ನಿಧಾನವಾಗಿ ಕಾಲೆಳೆಯುತ್ತ ಒಳಗೆ ಹೋದಳು.