ಭೀಮೆಯ ಉಸುಕಿನಲ್ಲಿ ನಾನು ಗೆದ್ದೆನೆಂಬ ವಾದ

ಮನೆಗೆ ನೆಂಟರು ಬಂದರೆ ಅವ್ವ ಈ ಕಥೆ ಹೇಳದೆ ಬಿಡುವುದಿಲ್ಲ. ಅಕ್ಕನನ್ನು ಚೊಚ್ಚಲ ಹೆರಿಗೆಗೆಂದು ಸುರಪುರದಿಂದ ಯಾದಗಿರಿಗೆ ಕರೆತರುವಾಗ, ಭೀಮಾ ಹೊಳೆ ದಾಟಿಸಲು ಅವಳ ಅತ್ತೆ ಒಪ್ಪಲಿಲ್ಲವಂತೆ. ಕಲಬುರ್ಗಿಯಲ್ಲಿ ಓದಿ, ಉರ್ದುವಿನಲ್ಲಿ ವಾದ ಮಾಡಿ ಬಹುಮಾನ ಪಡೆದಿದ್ದ ನಾನು ದಂಡೆಯ ಮೇಲೆಯೇ ಆಕೆಯ ಬಾಯಿ ಮುಚ್ಚಿಸಿದೆನಂತೆ. ಈ ಸಾಕ್ಷ್ಯಕ್ಕೆ ನನ್ನ ಮೊದಲ ಆಕ್ಷೇಪ, ಅವ್ವ ಅಲ್ಲಿರಲೇ ಇಲ್ಲ. ಯಾದಗಿರಿಯಲ್ಲಿ ಬಾಣಂತಿಯ ಕೋಣೆ ಸಾರಿಸುತ್ತಿದ್ದಳು. ಎರಡನೆಯದು, ಮುಚ್ಚಿದ ಬಾಯಿ ನನ್ನದು.

ಕಮಾನು ಕಟ್ಟಿದ ಆ ಬಂಡಿಯಲ್ಲಿ ಇದ್ದವರು ನಾಲ್ವರು. ಬಂಡಿ ಹೊಡೆಯುತ್ತಿದ್ದವನು ನನ್ನ ಸೋದರಮಾವ, ಮುದನಾಳದ ರೈತ. ಒಳಗೆ ಏಳು ತಿಂಗಳ ಬಸುರಿ ಅಕ್ಕ, ಅವಳ ಅತ್ತೆ, ಮತ್ತು ನಾನು. ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯ ಅತ್ತೆಮನೆಯಲ್ಲಿ ಸೀಮಂತದ ಕುಬಸ ಮುಗಿದು, ಹಸಿರು ಬಳೆ ತೊಟ್ಟ ಅಕ್ಕ ಗಂಟುಮೂಟೆ ಕಟ್ಟಿ ಕಾಯುತ್ತಿದ್ದಳು. ಆದರೆ ಬಸುರಿ ಹೊಳೆ ದಾಟಬಾರದೆಂಬ ಕಟ್ಟಳೆಯೊಂದಿತ್ತಲ್ಲ. ಅತ್ತೆ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

“ಹೊಳಿ ತನಕ ನಾನೂ ಬರ್ತೀನಿ. ಅಲ್ಲಿ ನೋಡಿ ಹೇಳ್ತೀನಿ. ಬ್ಯಾಡ ಅನಿಸ್ತು ಅಂದ್ರ ಸೊಸಿನ್ನ ಅಲ್ಲಿಂದನೇ ಹೊಳ್ಳಿ ಕರಕೊಂಡು ಬರ್ತೀನಿ” ಎಂದರು.

ಬಂಡಿ ಹತ್ತುವ ಮೊದಲು ಅಕ್ಕ ನನ್ನನ್ನು ಬಾಗಿಲ ಮರೆಗೆ ಎಳೆದಳು. “ನಾ ಅವ್ವನ ಕೈಯಾಗ ಹಡೀಬೇಕು. ನಿನ್ನ ಬಾಯಿ ಒಂದಿಷ್ಟು ಕಟ್ಟಿಡು. ಅತ್ತಿಗಿ ಸಿಟ್ಟು ಬಂದ್ರ ನಾ ಇಲ್ಲೇ ಉಳೀತೀನಿ.”

ಕಟ್ಟಿಡುತ್ತೇನೆ ಎಂದೆ. ಸುರಪುರದ ಕೆರೆ ಬರುವಷ್ಟರಲ್ಲೇ ಬಿಚ್ಚಿದೆ.

ಒಂದೂವರೆ ದಿನದ ದಾರಿಗೆ ಮೂರು ದಿನ ಹಿಡಿಯಿತು. ಮಾವ ಸೋಮಾರಿ ಎಂದು ಅವ್ವ ಹೇಳುವುದೂ ತಪ್ಪೇ. ಕೆರೆ ಕಂಡಲ್ಲೆಲ್ಲ ಬಂಡಿ ನಿಲ್ಲಿಸಿ ಎಂದವರು ಅತ್ತೆ. ಮದುವೆಯಾಗಿ ರಂಗಂಪೇಟೆಗೆ ಬಂದ ಮೇಲೆ ಈ ದಾರಿ ಹಿಡಿದದ್ದು ಅದೇ ಮೊದಲಂತೆ. ಕೆರೆಯ ಏರಿಯ ಮೇಲೆ ಕೂತು, ಕಾಲು ನೀರಿಗೆ ಇಳಿಬಿಟ್ಟು, ಬಾತುಗಳನ್ನು ನೋಡುತ್ತ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು.

“ಬೀಗತೇರ, ಇನ್ನೂ ಒಂದು ಕಾಲು ಇಳಿಬಿಟ್ರ ಕೆರಿ ಕೋಡಿ ಬೀಳ್ತದ ನೋಡ್ರಿ” ಎಂದು ಮಾವ.

“ನಿಮ್ಮ ಎತ್ತಿಗಿಂತ ನೀವೇ ಹೆಚ್ಚು ಮೇಯಾಕತ್ತೀರಿ. ಶೇಂಗಾ ಹಿಂಡಿ ತಳ ಕಂಡದ” ಎಂದು ಅತ್ತೆ.

ಅಕ್ಕ ನಗುತ್ತಿದ್ದಳು. ಅವಳು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ಮದುವೆಯ ನಂತರ ನೋಡಿರಲಿಲ್ಲ. ಅತ್ತೆ ಅವಳ ಬೆನ್ನಿಗೆ ಕೌದಿ ಮಡಿಸಿ ಇಡುತ್ತಿದ್ದರು, ಬಂಡಿ ಕುಲುಕಿದರೆ ಮಾವನಿಗೆ ಬೈಯುತ್ತಿದ್ದರು. ಶಹಾಪುರದ ಕೆರೆಯ ಬಳಿ, ಗುಡ್ಡದ ಸಾಲು ಮಲಗಿದ ಮನುಷ್ಯನ ಹಾಗೆ ಕಾಣುವಲ್ಲಿ ಆಕೆ ಕೈಮುಗಿದರು. ಅದು ಬರೀ ಬಂಡೆ, ನೋಡುವವರ ಕಣ್ಣು ಅದಕ್ಕೆ ಮೂಗು ಕೊಟ್ಟಿದೆ ಎಂದೆ.

“ಹೌದ್ರಿ ವಕೀಲಸಾಬ್ರ. ನಿಮಗೂ ಮೂಗು ಕೊಟ್ಟದ್ದು ನೋಡೋರ ಕಣ್ಣೇ ಏನ್ರಿ?”

ಇದಕ್ಕೆ ಉತ್ತರ ಹುಡುಕುವುದರಲ್ಲಿ ನನಗೆ ಮಧ್ಯಾಹ್ನವೊಂದು ಕಳೆಯಿತು.

ಮೂರನೆಯ ದಿನ ಬಿಸಿಲು ಇಳಿಯುವ ಹೊತ್ತಿಗೆ ಭೀಮೆಗೆ ಬಂದೆವು. ಬೇಸಿಗೆಯ ಹೊಳೆ. ಆಚೆ ದಂಡೆಯ ತನಕ ಉಸುಕಿನ ದಿಬ್ಬಗಳು, ಗಾಳಿ ಎಳೆದ ಗೆರೆಗಳು, ಹಿಂದಿನ ಬಂಡಿಗಳ ಜಾಡು. ನೀರಿನ ಗುರುತಿಲ್ಲ. ಅತ್ತೆ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಳೆಯ ಉದ್ದಗಲ ನೋಡುತ್ತ ನಿಂತರು. ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಆದರೆ ಇಂಥ ವಿಷಯ ವೇದಿಕೆಯ ಮೇಲೂ ನನಗೆ ಸಿಕ್ಕಿರಲಿಲ್ಲ.

“ಅತ್ತ್ಯಾರ, ಹೊಳಿ ಅಂದ್ರ ನೀರು. ಇಲ್ಲಿ ನೀರಿಲ್ಲ. ನೀರಿಲ್ಲಂದ್ರ ಹೊಳಿ ಇಲ್ಲ. ಹೊಳಿನೇ ಇಲ್ಲಂದ ಮ್ಯಾಲ ದಾಟೋದು ಏನದ? ಇಲ್ಲಿ ಒಂದು ಬೊಗಸಿ ನೀರು ತೋರಸ್ರಿ, ನಾನೇ ಬಂಡಿ ಹೊಳ್ಳಸ್ತೀನಿ!”

ಬಂಡಿಯೊಳಗಿಂದ ಅಕ್ಕ “ಅಯ್ಯ, ಇವನ ಬಾಯಿ...” ಎಂದದ್ದು ಕೇಳಿಸಿತು.

ಅತ್ತೆ ಮಾವನ ಕಡೆ ತಿರುಗಿ, “ಒಂದು ವರತಿ ತೋಡ್ರಿ” ಎಂದರು. ಮಾವ ನನ್ನನ್ನು ಕೊಂದುಬಿಡುವಂತೆ ನೋಡಿ, ಮಂಡಿಯೂರಿ ಕೈಯಿಂದಲೇ ಉಸುಕು ಬಗೆಯತೊಡಗಿದ. ಮೊಳಕೈ ಮುಳುಗುವಷ್ಟು ಆಳಕ್ಕೆ ಉಸುಕು ಕಪ್ಪಾಯಿತು, ತೇವವಾಯಿತು. ಗುಂಡಿಯ ತಳದಲ್ಲಿ ನೀರು ಜಿನುಗಿ, ಕಲಕಿ, ನಮ್ಮ ಕಣ್ಣೆದುರೇ ತಿಳಿಯಾಗುತ್ತ ಮೇಲೇರಿತು.

“ಇದು ಎಲ್ಲಿಂದ ಬಂತು, ತಮ್ಮಾ? ನಿನ್ನ ಪುಸ್ತಕದಿಂದ ಸೋರ್ತೇನು? ಹೊಳಿ ಇಲ್ಲೇ ಅದ. ಬಿಸಲಿಗಿ ಹೊದ್ದು ಮಲಗ್ಯದ.”

ಬಂಡಿ ಹೊರಳಿಸುತ್ತೇನೆಂದು ಸಾಕ್ಷಿಗಳೆದುರು ಒಪ್ಪಿಕೊಂಡವನು ನಾನೇ. ಅಕ್ಕ ಕಮಾನಿನ ಅಂಚು ಹಿಡಿದು ಆಚೆ ದಂಡೆಯನ್ನೇ ನೋಡುತ್ತಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅವಳೇ ಅತ್ತೆಯನ್ನು ಕರೆದಳು: “ಅತ್ತಿ, ನೀರಡಿಕಿ ಆಗ್ಯದ.”

ಅತ್ತೆ ವರತಿಯಿಂದ ತಂಬಿಗೆ ತುಂಬಿ ಅವಳಿಗೆ ಕುಡಿಸಿದರು. ಆಮೇಲೆ ತಮ್ಮ ಸೀರೆಯ ಗಂಟಿಗೆ ಕೈಹಾಕಿ ಒಂದೊಂದೇ ಹೊರತೆಗೆದರು: ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು. ಕುಬಸದ ದಿನ ಸೊಸೆಗೆ ಉಡಿ ತುಂಬಿದ್ದು ಇವೇ ಐದು. ಈಗ ಹೊಳೆಗೆ ತುಂಬಿದರು. ಬಾಗಿ ನೀರಿಗೆ ಏನೋ ಹೇಳಿದರು. ಅದು ನನಗೆ ಕೇಳಿಸಲಿಲ್ಲ, ನನಗೆ ಹೇಳಿದ್ದೂ ಅಲ್ಲ.

“ಹೊಡೀರಿ ಬಂಡಿ. ಆಕಿಗಿ ಹೇಳೀನಿ.”

ಮಾವ ಎತ್ತಿನ ಬಾಲ ತಿರುವಿದ. ಗಾಲಿಗಳು ಉಸುಕಿನಲ್ಲಿ ಹೂತವು. ನಾನೂ ಅತ್ತೆಯೂ ಹಿಂದಿನಿಂದ ನೂಕಿದೆವು. ಹೊಳೆ ಇಲ್ಲವೆಂದವನು, ಇದೆ ಎಂದವರು, ಇಬ್ಬರೂ ಮೊಣಕಾಲ ತನಕ ಹೂತು, ಏದುತ್ತ. ಒಳಗೆ ಅಕ್ಕ ಒಮ್ಮೆ ನಗುತ್ತಿದ್ದಳು, ಒಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದಳು.

ಆಚೆ ದಂಡೆ ಏರಿದ ಮೇಲೆ ಅತ್ತೆ ಜಾಲಿಯ ನೆರಳಿನಲ್ಲಿ ಕೂತು ಎಲೆಅಡಿಕೆ ಬಿಚ್ಚಿದರು. ನಾನು ಪಕ್ಕದಲ್ಲಿ ಕೂತೆ. ವಾದಕ್ಕಲ್ಲ, ತಿಳಿಯದೆ ಕೇಳಿದೆ.

“ಅತ್ತ್ಯಾರ, ಖಣ, ಕೊಬ್ಬರಿ ಎಲ್ಲಾ ರಂಗಂಪೇಟಿಯಿಂದನೇ ಕಟಕೊಂಡು ಬಂದೀರಿ. ದಾಟಸಬೇಕಂತ ಅವತ್ತೇ ಗಟ್ಟಿ ಮಾಡಿದ್ರ, ಮೂರು ದಿನ ನನ್ನ ಜೋಡಿ ಯಾಕ ಜಗಳಾಡಿದ್ರಿ?”

“ಮನಿಯಾಗೇ ಹೂಂ ಅಂದಿದ್ರ, ಈ ಕೆರಿ, ಈ ಬಾತು ನನಗ ಯಾರು ತೋರಸ್ತಿದ್ರು, ತಮ್ಮಾ?” ಎಂದು ಎಲೆಗೆ ಸುಣ್ಣ ಸವರಿದರು.