ಒಂದೇ ಅಳತೆಯ ಕಾಯಿ

ಗುಬ್ಬಿಯ ನಮ್ಮ ತೋಟದಲ್ಲಿ ಬಾವಿ ಪಕ್ಕದ ಹನ್ನೆರಡು ಹಳೆಯ ತೆಂಗಿನ ಮರಗಳನ್ನು ಕಡಿಸುತ್ತೇನೆ ಎಂದು ಅಪ್ಪ ಹೇಳಿದಾಗ, ಅಮ್ಮ ಒಂದು ವರ್ಷದ ಗಡುವು ಕೇಳಿದಳು. ಗರಿ, ಸಿಪ್ಪೆ ಸುಡುವ ಬದಲು ಬುಡಕ್ಕೆ ಹೊದಿಸಿದರೆ ಹಳೆಯ ಮರವೂ ಕಾಯಿ ಕೊಡುತ್ತದೆ ಎಂಬುದು ಅವಳ ವಾದ. ಅದನ್ನು ತೋರಿಸಿಕೊಡುವ ಕೆಲಸ ನನಗೆ ಬಂತು. ಪ್ರತಿ ಕೊಯ್ಲಿಗೂ ತಾರೀಖು, ಮರದ ಸಂಖ್ಯೆ, ಕಾಯಿಯ ಲೆಕ್ಕ ನನ್ನ ಡೈರಿಯಲ್ಲಿ ಮೊದಲಿಂದಲೂ ಇತ್ತು. ಓದಲು ತುಮಕೂರಿನ ಸದಾಶಿವನಗರದಲ್ಲಿ ರೂಮು ಮಾಡಿದ ಮೇಲೂ ಕೊಯ್ಲಿನ ದಿನ ಬಸ್ಸು ಹತ್ತಿ ಬರುತ್ತಿದ್ದೆ. ಪರೀಕ್ಷೆಯಿಂದಾಗಿ ಒಂದೇ ಸಲ ತಪ್ಪಿತು.

ವರ್ಷ ತುಂಬಿದಾಗ ಒಟ್ಟು ಕಾಯಿ ಒಂದೂವರೆ ಪಟ್ಟಾಗಿತ್ತು. ಗ್ರಾಫ್ ಹಾಳೆಯಲ್ಲಿ ಎರಡು ತೆಂಗಿನಕಾಯಿ ಬರೆದೆ: ಹಿಂದಿನ ವರ್ಷದ್ದು ನಾಲ್ಕು ಚೌಕ ಎತ್ತರ, ಈ ವರ್ಷದ್ದು ಆರು. ಆಕಾರ ಕೆಡಬಾರದೆಂದು ಅಗಲವನ್ನೂ ಅಷ್ಟೇ ಹಿಗ್ಗಿಸಿದೆ.

ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ದುಡಿಯುವ ಅಪ್ಪ ಭಾನುವಾರ ಕಾಫಿ ಕುಡಿಯುತ್ತ ಹಾಳೆ ನೋಡಿದ.

“ಈ ದೊಡ್ಡದ್ರಲ್ಲಿ ಎಷ್ಟು ಕೊಬ್ಬರಿ ಇರ್ತದೆ?”

“ಅದು ಚಿತ್ರ ಕಣಪ್ಪಾ.”

“ಕಾಯಿ ಬರ್ದಿದ್ದೀಯ, ಕಾಯಿ ಥರಾನೇ ನೋಡ್ತೀನಿ. ಆ ಚಿಕ್ಕವು ಮೂರು ಇದ್ರೊಳಗೆ ಹಿಡೀತವೆ. ಫಸಲು ಮೂರು ಪಟ್ಟು ಆಯ್ತಾ?”

ಚೌಕ ಎಣಿಸಿದೆ. ಹಾಳೆಯ ಮೇಲೇ ಹದಿನಾರು ಚೌಕಕ್ಕೆ ಮೂವತ್ತಾರು, ಅಂದರೆ ಎರಡು ಪಟ್ಟಿಗೂ ಹೆಚ್ಚು ಆಗಿತ್ತು. ಡೈರಿಯ ಸಂಖ್ಯೆ ಸರಿ, ಚಿತ್ರ ಸುಳ್ಳು.

“ಬುಧವಾರ ಕುಣಿಗಲ್ಲಿಂದ ಗರಗಸದವ್ರು ಬರ್ತಾರೆ. ಅಷ್ಟ್ರಲ್ಲಿ ಸರಿಯಾಗಿ ಬರ್ಕೊಡು,” ಎಂದ ಅಪ್ಪ.

ಹೊಸ ಹಾಳೆ ತೆಗೆದೆ. ಮರಕ್ಕೊಂದು ಜೋಡಿ ಸಾಲು. ಮೇಲೆ ಹಿಂದಿನ ವರ್ಷ, ಕೆಳಗೆ ಈ ವರ್ಷ. ಹತ್ತು ಕಾಯಿಗೆ ಒಂದು ಕಾಯಿಯ ಚಿತ್ರ, ಎಲ್ಲವೂ ಒಂದೇ ಅಳತೆ. ನಾನಿಲ್ಲದ ಕೊಯ್ಲನ್ನು ಅಮ್ಮ ನೆನಪಿನಿಂದ ಹೇಳಿದ್ದಳು; ಆ ಕಾಯಿಗಳಿಗೆ ಬಣ್ಣ ತುಂಬದೆ ಖಾಲಿ ಬಿಟ್ಟೆ. ಒಟ್ಟು ಮೊತ್ತದಲ್ಲಿ ಕಾಣದಿದ್ದದ್ದು ಈಗ ಕಂಡಿತು: ಎಂಟು ಮರ ಚೇತರಿಸಿಕೊಂಡಿದ್ದವು, ನಾಲ್ಕು ಇಲ್ಲ. ಆ ನಾಲ್ಕರಲ್ಲಿ ಒಂದು ಆರನೆಯ ಮರ, ಅಮ್ಮ ದಿನವೂ ನೆರಳಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ್ದು.

“ಕಲ್ಲಿನ ಮರಕ್ಕೆ ಎರಡು ಜಾಸ್ತಿ ಬರಿಯೇ. ಯಾರು ಎಣಿಸ್ತಾರೆ?”

“ನಾನು ಎಣಿಸ್ತೀನಮ್ಮಾ.”

“ನಿನ್ನ ಡೈರಿಗೆ ಕರುಳೇ ಇಲ್ಲ ಬುಡು.”

ನಾನು ಸೇರಿಸಲಿಲ್ಲ. ಈ ವರ್ಷ ಮಳೆಯೂ ಚೆನ್ನಾಗಿತ್ತು, ಎಲ್ಲ ಹೊದಿಕೆಯಿಂದಲೇ ಆಗಿರಲಿಕ್ಕಿಲ್ಲ ಎಂದೂ ಕೆಳಗೆ ಬರೆದೆ.

ಮಂಗಳವಾರ ಸಂಜೆ ಅಪ್ಪ ಪ್ರತಿ ಸಾಲಿನ ಮೇಲೂ ಬೆರಳಾಡಿಸಿದ. ಖಾಲಿ ಕಾಯಿ ಯಾಕೆಂದು ಕೇಳಿ ತಿಳಿದ. ಮಳೆಯ ಸಾಲು ಓದಿ ನಕ್ಕ.

“ತನ್ನ ಕೇಸಿಗೆ ತಾನೇ ಅಡ್ಡ ಸಾಕ್ಷಿ ಹೇಳವ್ಳೆ ನೋಡು. ಖಾಲಿಯವು ಬಿಟ್ರೂ ಎಂಟು ಮರ ಮೇಲಿದಾವೆ. ಎಂಟು ಇರ್ಲಿ.”

ಅಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡು ಆರನೆಯ ಸಾಲನ್ನು ಎರಡು ಸಲ ಎಣಿಸಿದಳು. ಆಮೇಲೆ ಸುಣ್ಣದ ಡಬ್ಬಿ ಹಿಡಿದು ತಾನೇ ತೋಟಕ್ಕೆ ಹೋಗಿ ಕಡಿಯಬೇಕಾದ ನಾಲ್ಕು ಮರಕ್ಕೆ ಗುರುತು ಹಾಕಿದಳು. ಕಲ್ಲಿನ ಮರಕ್ಕೆ ಕೊನೆಗೆ ಹಾಕಿದಳು.

ಗರಗಸದವರು ಹೋದ ಮೇಲೆ ಹೊಸ ಪುಟದಲ್ಲಿ ಎಂಟು ಸಾಲು ಎಳೆದೆ. ಮರಗಳ ಸಂಖ್ಯೆ ಬದಲಿಸಲಿಲ್ಲ. ಐದರ ಕೆಳಗೆ ಏಳು ಇದೆ.