ಮೂರನೇ ಮಹಡಿಯಿಂದ ಬೀಳುವ ಕಸ

ಮರ್ಫಿ ಟೌನ್‌ನ ನಮ್ಮ ಕಟ್ಟಡದಲ್ಲಿ ಮೂರನೇ ಮಹಡಿಯ ಮನೆಯಾಕೆ ಕಸದ ಕವರನ್ನು ಬಾಲ್ಕನಿಯಿಂದಲೇ ಪಕ್ಕದ ಖಾಲಿ ಸೈಟಿಗೆ ಎಸೆಯುತ್ತಾರೆ. ಒಂದು ಬೆಳಿಗ್ಗೆ ಬಾಯಿ ಕಟ್ಟದ ಕವರು ಮಗುಚಿ, ಗಾಳಿ ತುಂಬಿಕೊಂಡು ಕೊಡೆಯಂತೆ ಅರಳಿತು. ಮೀನಿನ ತಲೆಗಳು ಸೈಟಿಗೆ ಬಿದ್ದವು. ಖಾಲಿ ಕವರು ನಿಧಾನವಾಗಿ ತೇಲಿಬಂದು, ನಾನು ಕೆಳಗೆ ಒಣಹಾಕಿದ್ದ ಬಿಳಿ ಅಂಗಿಗೆ ಮೆತ್ತಿಕೊಂಡಿತು. ಮೂಗು ಮುಚ್ಚಿಕೊಂಡು ತಲೆಯೆತ್ತಿ ನೋಡಿದೆ.

"ಗಾಳಿ ಸಾರ್, ನಾನೇನ್ ಮಾಡ್ಲಿ?" ಎಂದರು ಮೇಲಿನಿಂದ.

ಎಸೆಯಬೇಡಿ ಎನ್ನುವುದನ್ನು ಬಿಟ್ಟು, ಫಿಸಿಕ್ಸ್ ಮೇಷ್ಟ್ರಾದ ನಾನು ಪಾಠ ಶುರುಮಾಡಿದೆ. "ಬಾಯಿ ತೆರೆದಿದ್ರೆ ಗಾಳಿ ತಡೆಯುತ್ತೆ, ಎಲ್ಲೆಲ್ಲೋ ಹಾರುತ್ತೆ. ಗಟ್ಟಿಯಾಗಿ ಉಂಡೆ ಕಟ್ಟಿದ್ರೆ ಜೋರಾಗಿ, ನೇರವಾಗಿ ಬೀಳುತ್ತೆ."

ಮರುದಿನ ಬಾಲ್ಕನಿಯ ಕೆಳಗೆ ನಿಲ್ಲಿಸಿದ್ದ ನನ್ನ ಸ್ಕೂಟರನ್ನು ತೆಗೆಯಲು ಹೋದಾಗ, ಅದರ ಸೀಟಿಗೆ ಉಂಡೆಯೊಂದು ದೊಪ್ಪೆಂದು ಬಿದ್ದು ಒಡೆಯಿತು. ಕೊಳೆತ ಟೊಮೆಟೊ ನನ್ನ ಮುಖಕ್ಕೆ ಸಿಡಿಯಿತು. ಥೂ.

"ನೀವ್ ಹೇಳ್ದಂಗೇ ಉಂಡೆ ಕಟ್ಟಿ ಕೈಬಿಟ್ಟೆ ಸಾರ್," ಮೇಲಿನಿಂದ ದನಿ ಬಂತು. "ನೇರ ಬಂತಲ್ವಾ?"